ಪುಂಡಿ ಚಹಾ: ಬಿಪಿಗೆ ಎಷ್ಟು ಒಳ್ಳೇದು, ಎಲ್ಲಿ ಎಚ್ಚರ ಬೇಕು?



"ದಿನಾ ದಾಸವಾಳದ ಚಹಾ ಕುಡೀರಿ, ಬಿಪಿ ಗುಳಿಗೆ ಕಸದ ಬುಟ್ಟಿಗೆ ಹಾಕ್ರಿ" ಅನ್ನೋ ಸಂದೇಶ ರೈತರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಾ ಇದೆ. ಕೆಂಪು ಬಣ್ಣದ ಚಹಾ ತುಂಬಿದ ಗಾಜಿನ ಲೋಟದ ಫೋಟೋ, ಕೆಳಗೆ ಹತ್ತು ರೋಗಗಳ ಪಟ್ಟಿ. ನನಗೂ ಮೂರ್ನಾಲ್ಕು ಸಲ ಬಂತು. ಇಬ್ಬರು ಹುಡುಗರು ಫೋನ್ ಮಾಡಿ, "ಅಣ್ಣಾ, ಇದನ್ನ ಬೆಳೆದು ಮಾರಬಹುದಾ?" ಅಂತ ಕೇಳಿದ್ರು. ಇನ್ನೊಬ್ಬ, "ನಮ್ಮ ಅವ್ವನಿಗೆ ಬಿಪಿ ಇದೆ, ಕೊಡಬಹುದಾ?" ಅಂದ.

ಎರಡೂ ಒಳ್ಳೆ ಪ್ರಶ್ನೆಗಳು. ಆ ಸಂದೇಶದಲ್ಲಿ ಅರ್ಧ ನಿಜ ಇದೆ, ಅರ್ಧ ಅಪಾಯ ಇದೆ. ಯಾವುದು ಯಾವ ಅರ್ಧ ಅಂತ ಈ ವಾರ ಬಿಡಿಸಿ ನೋಡೋಣ.

ಮೊದಲು ಗಿಡ ಯಾವುದು ಅಂತ ತಿಳ್ಕೊಳ್ಳಿ

ಫೋಟೋದಲ್ಲಿ ಇರೋದು ನಮ್ಮ ಅಂಗಳದ ದಾಸವಾಳ ಅಲ್ಲ. ಪೂಜೆಗೆ ಬಿಡಿಸೋ ದಾಸವಾಳದ ವೈಜ್ಞಾನಿಕ ಹೆಸರು ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ಪ್ರಪಂಚದ ತುಂಬಾ 'ಹೈಬಿಸ್ಕಸ್ ಟೀ' ಅಂತ ಕುಡಿಯೋದು, ವಿಜ್ಞಾನಿಗಳು ಬಿಪಿ ಮೇಲೆ ಪರೀಕ್ಷೆ ಮಾಡಿರೋದು ಅದರ ದಾಯಾದಿ ಗಿಡವನ್ನ. ಅದರ ಹೆಸರು ಹೈಬಿಸ್ಕಸ್ ಸಬ್ಡಾರಿಫಾ, ಇಂಗ್ಲಿಷಿನಲ್ಲಿ ರೋಸೆಲ್.

ಉತ್ತರ ಕರ್ನಾಟಕದವರಿಗೆ ಇದು ಹೊಸ ಗಿಡ ಏನಲ್ಲ. ಜೋಳದ ರೊಟ್ಟಿ ಜೊತೆ ತಿನ್ನೋ ಪುಂಡಿ ಪಲ್ಯದ ಜಾತಿಯೇ ಇದು. ತೆಲುಗಿನವರು ಗೋಂಗೂರ ಅಂತಾರೆ, ಮರಾಠಿಯವರು ಅಂಬಾಡಿ ಅಂತಾರೆ. (ಮಂಗಳೂರು ಕಡೆಯ ಓದುಗರು ಗಲಿಬಿಲಿ ಆಗಬೇಡಿ, ನಿಮ್ಮ ಅಕ್ಕಿ ಪುಂಡಿ ಬೇರೆ!)

ಆದರೆ 'ಪುಂಡಿ' ಅನ್ನೋ ಒಂದೇ ಹೆಸರಲ್ಲಿ ಎರಡು ಗಿಡ ಸೇರ್ಕೊಂಡಿವೆ. ಒಂದು ನಾರಿನ ಪುಂಡಿ, ಹೈಬಿಸ್ಕಸ್ ಕ್ಯಾನಬಿನಸ್. ಹಿಂದೆ ಹಗ್ಗ ಹೊಸೆಯೋಕೆ ಇದನ್ನ ಹೊಲದ ಅಂಚಲ್ಲಿ ಬೆಳೀತಿದ್ರು. ಇನ್ನೊಂದು ಸಬ್ಡಾರಿಫಾ. ಅದರಲ್ಲೂ ಕೆಲವು ತಳಿ ನಾರಿಗೆ, ಕೆಲವು ಸೊಪ್ಪಿಗೆ, ಕೆಲವು ಕೆಂಪು ಕವಚಕ್ಕೆ. ಚಹಾಕ್ಕೆ ಬೇಕಾಗಿರೋದು ಕೊನೆಯದು.

ಗುರುತಿಸೋದು ಸುಲಭ. ಎರಡರ ಹೂವೂ ತಿಳಿ ಹಳದಿ, ನಡುವೆ ಕಡುಕೆಂಪು ಕಣ್ಣು. ಹಾಗಾಗಿ ಹೂವನ್ನ ನೋಡಿ ಹೇಳಬೇಡಿ. ಹೂವು ಬಿದ್ದ ಮೇಲೆ ಬುಡ ನೋಡಿ. ಕಾಯಿಯ ಸುತ್ತ ದಪ್ಪನೆಯ, ರಸ ತುಂಬಿದ, ಕಡುಕೆಂಪು ಕವಚ ಬೆಳೆದಿದ್ರೆ, ಬಾಯಿಗೆ ಹಾಕಿದ್ರೆ ಹುಣಸೆ ಹಾಗೆ ಹುಳಿ ಇದ್ರೆ, ಅದೇ ಚಹಾದ ಪುಂಡಿ. ಚಹಾ ಮಾಡೋದು ಹೂವಿನ ಎಸಳಿಂದ ಅಲ್ಲ, ಈ ಕವಚದಿಂದ.

ಹಾಗಾದ್ರೆ ದಾಸವಾಳದ ಹೂವಿನ ಚಹಾ? ಕೆಂಪು ದಾಸವಾಳದ ಶರಬತ್ತು, ಎಲೆಯ ದೋಸೆ ಮಲೆನಾಡು, ಕರಾವಳಿ ಕಡೆ ಹಳೇ ಅಡುಗೆಗಳು. ಆದರೆ ಕೆಳಗೆ ನಾನು ಹೇಳೋ ಬಿಪಿ ಲೆಕ್ಕ ಪುಂಡಿಯದ್ದು. ಅದನ್ನ ತಂದು ದಾಸವಾಳಕ್ಕೆ ಅಂಟಿಸೋ ಹಾಗಿಲ್ಲ. ಇನ್ನೊಂದು ಮಾತು: ನರ್ಸರಿಯಿಂದ ಈಗಷ್ಟೇ ತಂದ ದಾಸವಾಳಕ್ಕೆ ಹಿಟ್ಟು ತಿಗಣೆ ಔಷಧ ಹೊಡೆದಿರೋ ಸಾಧ್ಯತೆ ಹೆಚ್ಚು. ಅದರ ಹೂವನ್ನ ಕುಡಿಯೋಕೆ ಬಳಸಬೇಡಿ.

ಬೇರೆ ದೇಶದವರು ಹೇಗೆ ಕುಡೀತಾರೆ?

ಈಜಿಪ್ಟ್ ಮತ್ತು ಸುಡಾನಿನಲ್ಲಿ ಇದಕ್ಕೆ ಕರ್ಕಡೆ ಅಂತಾರೆ. ಸೆನೆಗಲ್‌ನಲ್ಲಿ ಬಿಸಾಪ್, ನೈಜೀರಿಯಾದಲ್ಲಿ ಜೋಬೋ. ಮೆಕ್ಸಿಕೋದಲ್ಲಿ ತಣ್ಣಗೆ ಮಾಡಿ 'ಆಗ್ವಾ ದೆ ಹಮೈಕಾ' ಅಂತ ಊಟದ ಜೊತೆ ಕುಡೀತಾರೆ. ಜಮೈಕಾದಲ್ಲಿ ಕ್ರಿಸ್‌ಮಸ್ ಅಂದ್ರೆ ಶುಂಠಿ ಹಾಕಿದ ಸೋರೆಲ್ ಪಾನೀಯ ಇರಲೇಬೇಕು. ಅಂದ್ರೆ ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ, ಕೋಟ್ಯಂತರ ಜನರ ಮನೆ ಪಾನೀಯ. ನಾವು ಸೊಪ್ಪು ತಿಂದು ಕವಚ ಬಿಟ್ವಿ, ಅವರು ಕವಚ ಹಿಡ್ಕೊಂಡ್ರು, ಅಷ್ಟೇ.

ಬಿಪಿ ವಿಷಯದಲ್ಲಿ ಸಿಕ್ಕಿರೋ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ರು. ಬಿಪಿ ಸ್ವಲ್ಪ ಮಾತ್ರ ಹೆಚ್ಚಿದ್ದ 65 ಜನ, ವಯಸ್ಸು 30ರಿಂದ 70. ಅರ್ಧ ಜನರಿಗೆ ದಿನಕ್ಕೆ ಮೂರು ಕಪ್ ಈ ಚಹಾ (ಒಂದು ಕಪ್ ಅಂದ್ರೆ 240 ಮಿ.ಲೀ.), ಉಳಿದವರಿಗೆ ಅದೇ ಥರ ಕಾಣೋ, ರುಚಿ ಇರೋ ಬೇರೆ ಪಾನೀಯ. ಆರು ವಾರದ ನಂತರ ಮೇಲಿನ ಬಿಪಿ ಚಹಾ ಕುಡಿದವರಲ್ಲಿ ಸರಾಸರಿ 7.2 ಅಂಕ ಇಳಿದಿತ್ತು, ಇನ್ನೊಂದು ಗುಂಪಲ್ಲಿ 1.3 ಅಂಕ. ಕೆಳಗಿನ ಬಿಪಿಯಲ್ಲಿ ನಂಬಬಹುದಾದಷ್ಟು ವ್ಯತ್ಯಾಸ ಕಾಣಲಿಲ್ಲ.

2015ರಲ್ಲಿ ಇಂಥ ಐದು ಪರೀಕ್ಷೆಗಳನ್ನ ಸೇರಿಸಿ ಲೆಕ್ಕ ಹಾಕಿದ್ರು. ಒಟ್ಟು 390 ಜನ. ಮೇಲಿನ ಬಿಪಿ ಸುಮಾರು 7.6, ಕೆಳಗಿನದು ಸುಮಾರು 3.5 ಅಂಕ ಇಳಿದಿತ್ತು.

ಇನ್ನೊಂದು ಕಡೆ, ವೈದ್ಯಕೀಯ ಪುರಾವೆಗಳನ್ನ ಬಹಳ ಬಿಗಿಯಾಗಿ ಜರಡಿ ಹಿಡಿಯೋ ಕೊಕ್ರೇನ್ ಸಂಸ್ಥೆ 2021ರಲ್ಲಿ ಇದೇ ವಿಷಯ ನೋಡಿತು. ಅವರ ಜರಡಿಯಲ್ಲಿ ಉಳಿದಿದ್ದು ಒಂದೇ ಒಂದು ಅಧ್ಯಯನ, 60 ಜನ ಸಕ್ಕರೆ ಕಾಯಿಲೆಯವರ ಮೇಲಿನದ್ದು. "ಬಿಪಿ ಇಳಿಸುತ್ತೆ ಅಂತ ಖಚಿತವಾಗಿ ಹೇಳೋಕೆ ಪುರಾವೆ ಸಾಲದು" ಅನ್ನೋದು ಅವರ ತೀರ್ಮಾನದ ಸಾರ.

ಎರಡೂ ಸೇರಿಸಿ ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು: ಪರಿಣಾಮ ಇರೋ ಲಕ್ಷಣ ಚೆನ್ನಾಗಿದೆ, ಆದರೆ ಪರೀಕ್ಷೆಗಳು ಚಿಕ್ಕವು, ಕೆಲವೇ ವಾರದವು. ಹತ್ತು ವರ್ಷ ಕುಡಿದವರಿಗೆ ಲಕ್ವ, ಹೃದಯಾಘಾತ ಕಡಿಮೆ ಆಯ್ತಾ ಅಂತ ಈ ಪರೀಕ್ಷೆಗಳು ನೋಡೇ ಇಲ್ಲ.

ಕೆಲಸ ಹೇಗೆ ಮಾಡುತ್ತೆ? ಕವಚದ ಕೆಂಪು ಬಣ್ಣ ಆಂಥೋಸಯನಿನ್ ಅನ್ನೋ ವಸ್ತುವಿನದ್ದು. ನಮ್ಮ ದೇಹದಲ್ಲಿ ರಕ್ತನಾಳ ಬಿಗಿ ಮಾಡೋ ಒಂದು ರಾಸಾಯನಿಕ ಇದೆ, ಅದನ್ನ ತಯಾರಿಸೋಕೆ ಒಂದು ಕಿಣ್ವ ಬೇಕು. ಪ್ರಯೋಗಾಲಯದಲ್ಲಿ ಈ ಕೆಂಪು ವಸ್ತು ಆ ಕಿಣ್ವಕ್ಕೆ ಅಡ್ಡ ಹಾಕಿದ್ದು ಕಂಡಿದೆ. ಕ್ಯಾಪ್ಟೋಪ್ರಿಲ್, ಎನಾಲಾಪ್ರಿಲ್ ಅನ್ನೋ ಬಿಪಿ ಗುಳಿಗೆಗಳು ಕೆಲಸ ಮಾಡೋದೂ ಇದೇ ಕಿಣ್ವದ ಮೇಲೆ. ಅದಕ್ಕೇ ಮುಂದೆ ಹೇಳೋ ಎಚ್ಚರಿಕೆ ಬೇಕಾಗೋದು.

7 ಅಂಕ ಅಂದ್ರೆ ಎಷ್ಟು?

ಮೇಲಿನ ಬಿಪಿ 134 ಇರೋರಿಗೆ 7 ಕಳೆದ್ರೆ 127. ಒಳ್ಳೆಯ ಸಹಾಯ. ಉಪ್ಪು ಕಡಿಮೆ ಮಾಡಿ, ದಿನಾ ನಡೆದು, ಜೊತೆಗೆ ಇದನ್ನ ಕುಡಿದ್ರೆ ಗುಳಿಗೆ ಶುರುವಾಗೋ ದಿನ ಮುಂದೆ ಹೋಗಬಹುದು.

ಆದರೆ ಮೇಲಿನ ಬಿಪಿ 170 ಇರೋರಿಗೆ 7 ಕಳೆದ್ರೆ 163. ಅದು ಇನ್ನೂ ಅಪಾಯದ ಮಟ್ಟವೇ. 140/90 ದಾಟಿದ್ರೇನೇ ವೈದ್ಯರು ಹೆಚ್ಚಿನ ರಕ್ತದೊತ್ತಡ ಅಂತ ಕರೆಯೋದು. ಇಂಥವರು ಗುಳಿಗೆ ಬಿಟ್ಟು ಚಹಾ ಹಿಡಿದ್ರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಓಣಿಯಲ್ಲೇ ಒಬ್ಬ ಹಿರಿಯರು ಹೀಗೆ ಮಾಡಿದ್ರು. ಮೊಮ್ಮಗನ ಮೊಬೈಲಲ್ಲಿ ವಿಡಿಯೋ ನೋಡಿ ಮೂರು ವಾರ ಗುಳಿಗೆ ನಿಲ್ಲಿಸಿದ್ರು. ನಾನು, "ಕಾಕಾ, ಗುಳಿಗೆ ಯಾಕ ಬಿಟ್ರಿ?" ಅಂದೆ. "ಹೂವಿನ ಚಹಾ ಕುಡಿಯಾಕತ್ತೇನಿ ತಮ್ಮಾ, ಮೈ ಹಗುರ ಆಗೇತಿ, ಗುಳಿಗಿ ಇನ್ಯಾಕ ಬೇಕು?" ಅಂದ್ರು. ಉಪಕೇಂದ್ರಕ್ಕೆ ಕರ್ಕೊಂಡು ಹೋಗಿ ಅಳೆಸಿದ್ರೆ 170/100. ಮೈ ಹಗುರ ಅನ್ನಿಸ್ತಾ ಇತ್ತು, ಬಿಪಿ ಹಾಗೇ ಏರಿ ಕೂತಿತ್ತು. ಬಿಪಿಯ ಕೆಟ್ಟ ಗುಣವೇ ಅದು, ಸದ್ದು ಮಾಡಲ್ಲ. ನರ್ಸಮ್ಮ ಚೆನ್ನಾಗಿ ಬೈದು, ಅವತ್ತೇ ವೈದ್ಯರ ಹತ್ತಿರ ಕಳಿಸಿ ಗುಳಿಗೆ ಮತ್ತೆ ಶುರು ಮಾಡಿಸಿದ್ರು. ಈಗ ಕಾಕಾ ಗುಳಿಗೆಯನ್ನೂ ತಗೋತಾರೆ, ವೈದ್ಯರಿಗೆ ಹೇಳಿ ದಿನಕ್ಕೆ ಒಂದು ಕಪ್ ಚಹಾನೂ ಕುಡೀತಾರೆ.

ಅದಕ್ಕೇ ಮನೆಯಲ್ಲಿ ಓದಿದ ಮಕ್ಕಳಾಗಿ ನಿಮ್ಮ ಮೇಲೊಂದು ಜವಾಬ್ದಾರಿ ಇದೆ. ಅಪ್ಪ-ಅವ್ವನ ಮೊಬೈಲಿಗೆ ಏನು ಬರ್ತಿದೆ, ಅವರು ಗುಳಿಗೆ ನುಂಗ್ತಿದಾರಾ ಅಂತ ತಿಂಗಳಿಗೊಮ್ಮೆ ಆದ್ರೂ ಕೇಳಿ.

ಶುಗರ್, ಕೊಬ್ಬು, ತೂಕ?

ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ಸ್ವಲ್ಪ ಇಳಿದಿದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ, ಕೆಲವದರಲ್ಲಿ ಇಲ್ಲ. ಶುಗರ್ ವಿಷಯದಲ್ಲಿ ಫಲಿತಾಂಶ ಮಿಶ್ರ. "ತೂಕ ಕರಗುತ್ತೆ, ಕ್ಯಾನ್ಸರ್ ವಾಸಿಯಾಗುತ್ತೆ" ಅನ್ನೋದಕ್ಕೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಆ ಸಾಲುಗಳನ್ನ ಫಾರ್ವರ್ಡ್ ಮಾಡಬೇಡಿ.

ಆದರೆ ಯಾವ ಪ್ರಯೋಗಾಲಯವೂ ಬೇಡದ ಒಂದು ಲಾಭ ಇದೆ. ನಾವು ಹೊಲದಲ್ಲಿ ದಿನಕ್ಕೆ ನಾಲ್ಕು ಕಪ್ ಸಿಹಿ ಚಹಾ ಕುಡೀತೀವಿ ಅಂದ್ಕೊಳ್ಳಿ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದ್ರೆ 8ರಿಂದ 10 ಗ್ರಾಂ. ನಾಲ್ಕು ಕಪ್ಪಿಗೆ 32ರಿಂದ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 50 ಗ್ರಾಂ ದಾಟಬೇಡಿ, 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು ಅನ್ನುತ್ತೆ. ಅದರಲ್ಲಿ ಎರಡು ಕಪ್ ಬದಲು ಸಕ್ಕರೆ ಇಲ್ಲದ ಪುಂಡಿ ಚಹಾ ಕುಡಿದ್ರೆ 16ರಿಂದ 20 ಗ್ರಾಂ ಸಕ್ಕರೆ ಅಲ್ಲೇ ಕಡಿಮೆ. ಕೆಫೀನ್ ಇಲ್ಲ, ಸಂಜೆ ಕುಡಿದ್ರೂ ನಿದ್ದೆಗೆಡಲ್ಲ. ಆದರೆ ಇದಕ್ಕೂ ಎರಡು ಚಮಚ ಸಕ್ಕರೆ ಹಾಕಿದ್ರೆ ಲೆಕ್ಕ ಅಲ್ಲಿಗಲ್ಲಿಗೇ! ಬೆಲ್ಲ ಹಾಕಿದ್ರೂ ಅಷ್ಟೇ.

ಯಾರು ಕುಡೀಬಾರದು, ಯಾರು ವೈದ್ಯರನ್ನ ಕೇಳಬೇಕು?

ಈ ಭಾಗವನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ.

1. ಗರ್ಭಿಣಿಯರು ಮತ್ತು ಮಗು ಬೇಕು ಅಂತ ಕಾಯ್ತಿರೋ ಹೆಣ್ಣುಮಕ್ಕಳು ಕುಡಿಯೋದು ಬೇಡ. ದಾಸವಾಳದ ಹೂವಿನ ಸಾರ ಗರ್ಭ ನಿಲ್ಲೋದಕ್ಕೆ ಅಡ್ಡಿ ಮಾಡಿದ್ದು ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಕಂಡಿದೆ. ಪುಂಡಿಯನ್ನೂ ಕೆಲವು ದೇಶಗಳಲ್ಲಿ ಮುಟ್ಟು ತರಿಸೋ ಮದ್ದಾಗಿ ಬಳಸಿದ್ದಾರೆ. ಅನುಮಾನ ಇದ್ದಲ್ಲಿ ಬಿಡೋದೇ ಜಾಣತನ. ಹಾಲುಣಿಸೋ ತಾಯಂದಿರೂ ವೈದ್ಯರನ್ನ ಕೇಳಿ.

2. ಬಿಪಿ ಗುಳಿಗೆ ಅಥವಾ ಮೂತ್ರ ಹೆಚ್ಚಿಸೋ ಗುಳಿಗೆ ತಗೊಳ್ಳೋರು ಮೊದಲು ವೈದ್ಯರಿಗೆ ಹೇಳಿ. ಎರಡೂ ಸೇರಿ ಬಿಪಿ ತೀರಾ ಕೆಳಗೆ ಹೋದ್ರೆ ಎದ್ದು ನಿಂತಾಗ ತಲೆ ಸುತ್ತಬಹುದು. ಬಾವಿ ದಡ, ಟ್ರ್ಯಾಕ್ಟರ್ ಸೀಟು ಮೇಲೆ ತಲೆ ಸುತ್ತಿದ್ರೆ ಗತಿ ಏನು?

3. ಶುಗರ್ ಗುಳಿಗೆ, ಇನ್ಸುಲಿನ್ ತಗೊಳ್ಳೋರೂ ಹೇಳಿ ಕುಡೀರಿ.

4. ಮಲೇರಿಯಾಕ್ಕೆ ಕ್ಲೋರೋಕ್ವಿನ್ ತಗೊಳ್ಳೋವಾಗ ಬೇಡ. ಈ ಪಾನೀಯದ ಜೊತೆ ತಗೊಂಡಾಗ ಆ ಔಷಧ ರಕ್ತಕ್ಕೆ ಸೇರೋದು ಕಡಿಮೆ ಆಗಿದ್ದು ಕಂಡುಬಂದಿದೆ.

5. ಮೂತ್ರಪಿಂಡದ ಕಲ್ಲು, ಮೂತ್ರಪಿಂಡದ ತೊಂದರೆ ಇರೋರು ಕೇಳಿ ಕುಡೀರಿ. ಪುಂಡಿಯಲ್ಲಿ ಆಕ್ಸಲೇಟ್ ಇದೆ.

6. ಹೊಟ್ಟೆ ಉರಿ, ಹುಳಿ ತೇಗು ಇರೋರು ಖಾಲಿ ಹೊಟ್ಟೆಗೆ ಕುಡೀಬೇಡಿ. ಇದು ಗಟ್ಟಿ ಹುಳಿ, ಹಲ್ಲಿನ ಮೇಲ್ಪದರಕ್ಕೂ ಒಳ್ಳೇದಲ್ಲ. ಕುಡಿದ ಮೇಲೆ ನೀರು ಮುಕ್ಕಳಿಸಿ, ತಕ್ಷಣ ಹಲ್ಲು ಉಜ್ಜಬೇಡಿ.

7. ಬಿಪಿ ಮೊದಲೇ ಕಡಿಮೆ ಇರೋರಿಗೆ ಇದು ಬೇಕಾಗಿಲ್ಲ.

ಚಹಾ ಮಾಡೋ ಸರಿಯಾದ ವಿಧಾನ

ಟಫ್ಟ್ಸ್ ಪರೀಕ್ಷೆಯಲ್ಲಿ ಬಳಸಿದ್ದು ಒಂದು ಕಪ್ಪಿಗೆ 1.25 ಗ್ರಾಂ ಒಣ ಕವಚ. ಎರಡು-ಮೂರು ಒಣ ಕವಚ ಮುರಿದು ಹಾಕಿದ್ರೆ ಹತ್ತಿರ ಹತ್ತಿರ ಅಷ್ಟಾಗುತ್ತೆ. ನೀರು ಕುದಿಸಿ ಇಳಿಸಿ, ಕವಚ ಹಾಕಿ, ಮುಚ್ಚಿ 5-6 ನಿಮಿಷ ಬಿಡಿ. ಸೋಸಿ ಕುಡೀರಿ. ಬೇಕಿದ್ರೆ ಸ್ವಲ್ಪ ಶುಂಠಿ. ಹಾಲು ಹಾಕಬೇಡಿ, ಒಡೆಯುತ್ತೆ. ಮನೆ ಬಳಕೆಗೆ ದಿನಕ್ಕೆ ಒಂದು-ಎರಡು ಕಪ್ ಸಾಕು, ಮೂರು ದಾಟೋದು ಬೇಡ.

ಪಾತ್ರೆ ಸ್ಟೀಲಿನದ್ದೋ ಗಾಜಿನದ್ದೋ ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದ್ರೆ ಲೋಹ ಬಿಡುತ್ತೆ. ಇದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು.

ಕುಡಿಯೋಕೆ ಶುರು ಮಾಡೋ ಮೊದಲು ಒಂದು ವಾರ ಬಿಪಿ ಅಳೆದು ಮೊಬೈಲಲ್ಲಿ ಬರ್ಕೊಳ್ಳಿ. ಐದು ನಿಮಿಷ ಸುಮ್ಮನೆ ಕೂತು, ಕೈಯನ್ನ ಎದೆ ಮಟ್ಟದಲ್ಲಿಟ್ಟು, ಎರಡು ಸಲ ಅಳೀರಿ. ಆರು ವಾರ ಆದ ಮೇಲೆ ಮತ್ತೆ ಒಂದು ವಾರ ಹಾಗೇ ಅಳೀರಿ. ಆ ಪಟ್ಟಿಯನ್ನ ವೈದ್ಯರಿಗೆ ತೋರಿಸಿ. ವಿಡಿಯೋಗಿಂತ ನಿಮ್ಮ ಸ್ವಂತ ಪಟ್ಟಿ ಹೆಚ್ಚು ನಿಜ ಹೇಳುತ್ತೆ.

ಹೊಲದಲ್ಲಿ ಬೆಳೆಯೋದು

ಪುಂಡಿ ಹೂ ಬಿಡೋದು ಗಿಡದ ವಯಸ್ಸಿಗಿಂತ ಹಗಲಿನ ಉದ್ದ ನೋಡಿ. ಹಗಲು ಚಿಕ್ಕದಾಗ್ತಾ ಬಂದಾಗ ಹೂ ಶುರು. ಅದಕ್ಕೇ ಜೂನ್‌ನಿಂದ ಜುಲೈ ಮೊದಲ ವಾರದೊಳಗೆ ಬಿತ್ತಿದ್ರೆ ಗಿಡಕ್ಕೆ ಬೆಳೆಯೋಕೆ ಮೂರು ತಿಂಗಳು ಸಿಗುತ್ತೆ, ಕೊಂಬೆ ಒಡೆಯುತ್ತೆ, ಕವಚ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಬಿತ್ತಿದ್ರೆ ಮೊಣಕಾಲೆತ್ತರದ ಗಿಡವೇ ಹೂ ಬಿಟ್ಟು ಕೂರುತ್ತೆ.

ಜೋಳ, ತೊಗರಿ, ಶೇಂಗಾ ಹೊಲದ ಅಂಚಿಗೆ ಅಕ್ಕಡಿ ಸಾಲಾಗಿ ಹಾಕಿ. ಸಾಲಿಂದ ಸಾಲಿಗೆ ಮೂರು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ನೀರು ನಿಲ್ಲೋ ಜಾಗ ಬೇಡ, ಬುಡ ಕೊಳೆಯುತ್ತೆ. ಪಲ್ಯಕ್ಕೆ ಸೊಪ್ಪು ಕೀಳಬಹುದು, ಆದರೆ ಮೊಗ್ಗು ಕಂಡ ಮೇಲೆ ನಿಲ್ಲಿಸಿ. ಸಸ್ಯಹೇನು, ಹಿಟ್ಟು ತಿಗಣೆ ಬಂದ್ರೆ ಶೇಕಡಾ 5ರ ಬೇವಿನ ಬೀಜದ ಕಷಾಯ ಹೊಡೀರಿ. ಇದನ್ನ ನಾವು ಸಿಪ್ಪೆ ಸುಲಿದು ತಿನ್ನಲ್ಲ, ನೇರ ನೀರಿಗೆ ಹಾಕಿ ಕುಡೀತೀವಿ, ಹಾಗಾಗಿ ಹೂ ಬಂದ ಮೇಲೆ ರಾಸಾಯನಿಕ ಕೀಟನಾಶಕ ಬೇಡವೇ ಬೇಡ. ಪಕ್ಕದ ಹತ್ತಿ ಹೊಲದಿಂದ ಔಷಧ ಗಾಳಿಗೆ ಬರೋ ಅಂಚಲ್ಲೂ ಹಾಕಬೇಡಿ.

ಹೂ ಒಂದೇ ದಿನ ಅರಳಿ ಬೀಳುತ್ತೆ. ಅಲ್ಲಿಂದ ಸುಮಾರು ಮೂರು ವಾರಕ್ಕೆ, ಕವಚ ಕೈಯಲ್ಲಿ ಪಟ್ ಅಂತ ಮುರಿಯೋ ಹಾಗಿದ್ದಾಗ ಕೀಳಿ. ಒಳಗಿನ ಬೀಜದ ಕಾಯನ್ನ ಬುಡದಲ್ಲಿ ಕೊಯ್ದು ತಳ್ಳಿ ತೆಗೀರಿ. ತಾರಸಿ ಮೇಲೆ ನೆರಳಲ್ಲಿ, ಜಾಳಿಗೆ ಮೇಲೆ ತೆಳುವಾಗಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ. ರಾತ್ರಿ ಇಬ್ಬನಿ ತಾಗದ ಹಾಗೆ ಒಳಗೆ ತಗೊಳ್ಳಿ. ಡಾಂಬರು ರಸ್ತೆ ಮೇಲೆ ಒಣಗಿಸಬೇಡಿ. ಮುರಿದ್ರೆ ಸದ್ದು ಬರೋಷ್ಟು ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಬೂಸ್ಟು ಕಂಡ್ರೆ ಆರಿಸಿ ಉಳಿಸೋಕೆ ಹೋಗಬೇಡಿ, ಎಸೀರಿ.

ಸುಮಾರು 10 ಕೆ.ಜಿ. ಹಸಿ ಕವಚಕ್ಕೆ 1 ಕೆ.ಜಿ. ಒಣ ಕವಚ ಸಿಗುತ್ತೆ. ಒಬ್ಬರಿಗೆ ದಿನಕ್ಕೆ ಎರಡು ಕಪ್ ಅಂದ್ರೆ ತಿಂಗಳಿಗೆ 75 ಗ್ರಾಂ, ವರ್ಷಕ್ಕೆ 900 ಗ್ರಾಂ. ನಮ್ಮ ಮಳೆಯಾಶ್ರಿತ ಹೊಲದಲ್ಲಿ ಗಿಡಕ್ಕೆ ಅರ್ಧದಿಂದ ಒಂದು ಕೆ.ಜಿ. ಹಸಿ ಕವಚ ಸಿಗುತ್ತೆ. ಗಂಡ-ಹೆಂಡತಿ ಇಬ್ಬರಿಗೆ ವರ್ಷಕ್ಕೆ 18ರಿಂದ 36 ಗಿಡ ಬೇಕಾದೀತು.

ಮಾರೋದಿದ್ರೆ

ಕೊಳ್ಳೋರು ಯಾರು ಅಂತ ಗೊತ್ತಾಗೋ ಮೊದಲು ಎಕರೆಗಟ್ಟಲೆ ಹಾಕಬೇಡಿ. ಕೀಳೋದು, ಬೀಜ ತೆಗೆಯೋದು ಎಲ್ಲಾ ಕೈ ಕೆಲಸ, ಖರ್ಚು ಹೋಗೋದೇ ಅಲ್ಲಿ. ಮೊದಲ ವರ್ಷ 50 ಗಿಡ ಹಾಕಿ, ಒಂದು ಕೆ.ಜಿ. ಒಣ ಕವಚಕ್ಕೆ ಎಷ್ಟು ತಾಸು ಕೂಲಿ ಆಯ್ತು ಅಂತ ಬರ್ಕೊಂಡು, ಆಮೇಲೆ ಬೆಲೆ ಮಾತಾಡಿ.

ಪ್ಯಾಕೆಟ್ ಮಾಡಿ ಮಾರೋಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆಹಾರ ನಿಯಮದಲ್ಲಿ 'ಟೀ' ಅಂದ್ರೆ ಚಹಾ ಗಿಡದ ಎಲೆಯದ್ದು ಮಾತ್ರ. ಹಾಗಾಗಿ ಲೇಬಲ್ ಮೇಲೆ 'ಒಣ ಪುಂಡಿ ಕವಚ' ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ಬಹಳ ಮುಖ್ಯವಾಗಿ, 'ಬಿಪಿ ವಾಸಿ', 'ಶುಗರ್ ಮಾಯ' ಅಂತ ಹಾಕಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ರಕ್ತದೊತ್ತಡ, ಮಧುಮೇಹ ಎರಡೂ ಇವೆ, ಅಂಥ ಜಾಹೀರಾತು ಅಪರಾಧ. ಕಾನೂನು ಬದಿಗಿಡಿ, ನಿಮ್ಮ ಲೇಬಲ್ ನಂಬಿ ಯಾರದೋ ಅಪ್ಪ ಗುಳಿಗೆ ಬಿಟ್ರೆ ಆ ಭಾರ ಯಾರಿಗೆ?

ಗಿರಾಕಿಗೆ ತೋರಿಸೋಕೆ ಒಂದು ಚಿಕ್ಕ ಪರೀಕ್ಷೆ: ಲೋಟದ ಚಹಾಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಗಿಡದ ಕೆಂಪು ಬಣ್ಣ ಆದ್ರೆ ನೀಲಿ-ಹಸಿರು ಕಡೆ ತಿರುಗುತ್ತೆ. ಕೆಂಪಾಗೇ ಉಳಿದ್ರೆ ಬೇರೆ ಬಣ್ಣ ಬೆರೆಸಿರೋ ಅನುಮಾನ ಪಡಿ. ಆ ಲೋಟ ಚೆಲ್ಲಿಬಿಡಿ, ಕುಡೀಬೇಡಿ.

ಈ ವಾರದ ಕೆಲಸ

ಒಂದು, ಅಕ್ಕಪಕ್ಕದ ಊರಲ್ಲಿ ಕೆಂಪು ಕವಚದ ಪುಂಡಿ ಬೀಜ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಪುಂಡಿ ಪಲ್ಯ ಮಾಡೋ ಅಜ್ಜಿಯರನ್ನ ಕೇಳಿದ್ರೆ ಸಿಕ್ಕೇ ಸಿಗುತ್ತೆ. ಎರಡು, ಮನೆಯಲ್ಲಿ 30 ದಾಟಿದ ಎಲ್ಲರ ಬಿಪಿ ಉಪಕೇಂದ್ರದಲ್ಲಿ ಅಳೆಸಿ. ಮೂರು, ಗುಳಿಗೆ ಬಿಡಿ ಅನ್ನೋ ಆ ಸಂದೇಶ ನಿಮ್ಮ ಗುಂಪಿಗೆ ಬಂದ್ರೆ, ಅದರ ಕೆಳಗೆ ಒಂದು ಸಾಲು ಬರೀರಿ: "ಚಹಾ ಕುಡೀರಿ, ಗುಳಿಗೆ ಬಿಡಬೇಡಿ, ವೈದ್ಯರನ್ನ ಕೇಳಿ."

ಮುಂದಿನ ವಾರ ಅಕ್ಕಡಿ ಸಾಲಿನ ಬೇರೆ ಬೆಳೆಗಳ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ಆರೋಗ್ಯ ನೋಡ್ಕೊಳ್ಳಿ.